ರನ್‌ವೇ ಇದೆ, ವಿಮಾನ ಇಲ್ಲ. ಇದನ್ನು ತೀರ್ಮಾನ ಮಾಡುವವರು ಯಾರು?

ಬಿಸಿಲನಾಡು:

ಎಲ್ಲರಿಗೂ ನಮಸ್ಕಾರ. ನಾನು ಕಲ್ಯಾಣ ಕರ್ನಾಟಕದವನು. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ಅವ್ವ ಊರಲ್ಲೇ ಇದ್ದಾಳೆ. ಎರಡು ವರ್ಷದ ಹಿಂದೆ ಅವಳ ಬೆನ್ನಿಗೆ ಆಪರೇಷನ್ ಆಯಿತು. ಮೂರು ತಿಂಗಳಿಗೊಮ್ಮೆ ಇಲ್ಲಿನ ಆಸ್ಪತ್ರೆಗೆ ತೋರಿಸಬೇಕು. ಜಾಸ್ತಿ ಹೊತ್ತು ಕೂತರೆ ಅವಳ ಕಾಲು ಜೋಮು ಹಿಡಿಯುತ್ತದೆ.

ನಮ್ಮ ಕಡೆಯಿಂದ ವಿಮಾನ ಇದ್ದಾಗ ಒಂದು ಗಂಟೆ ಚಿಲ್ಲರೆಯಲ್ಲಿ ಬೆಂಗಳೂರಿಗೆ ಬಂದು ಬಿಡುತ್ತಿದ್ದಳು. ಮೊದಲ ಸಲ ಕಿಟಕಿ ಪಕ್ಕ ಕೂತು ತೊಗರಿ ಹೊಲಗಳನ್ನು ಮೇಲಿಂದ ನೋಡಿದ್ದನ್ನು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಈ ಸಲವೂ ಟಿಕೆಟ್ ಮಾಡಿಸಿದ್ದೆ. ಹೊರಡುವುದಕ್ಕೆ ಒಂಬತ್ತು ದಿನ ಇರುವಾಗ ಮೆಸೇಜ್ ಬಂತು. ಸೇವೆ ನಿಂತಿದೆ, ಹಣ ವಾಪಸ್ ಬರುತ್ತದೆ ಅಂತ. ಹಣ ಬಂತು, ನಿಜ. ಆದರೆ ಅವ್ವನನ್ನು ಕರೆತರುವುದು ಹೇಗೆ? ಸಂಸ್ಥೆಯ ಹೆಸರು ಹೇಳುವುದಿಲ್ಲ. ಒಬ್ಬರನ್ನು ದೂರಲು ನಾನು ಬರೆಯುತ್ತಿಲ್ಲ.

ನನ್ನ ಪ್ರಶ್ನೆ ಬೇರೆ. ಖಾಸಗಿ ಬಸ್ಸು ಓಡಿಸಲು ಪರ್ಮಿಟ್ ಬೇಕು. ವಿಮಾನದ ದಾರಿಗೂ ಸರ್ಕಾರದ ಅನುಮತಿ ಬೇಕು ಅಂತ ಕೇಳಿದ್ದೇನೆ. ಹಾಗಿದ್ದರೆ ಶುರು ಮಾಡಲು ಅನುಮತಿ ಕೊಡುವವರಿಗೆ, ನಿಲ್ಲಿಸುವಾಗ ಕೇಳುವ ಹಕ್ಕು ಇಲ್ಲವಾ? ರೈತರು ಜಮೀನು ಕೊಟ್ಟಿದ್ದಾರೆ. ಸರ್ಕಾರ ಕೋಟಿಗಟ್ಟಲೆ ಹಾಕಿ ರನ್‌ವೇ ಮಾಡಿದೆ. ಅದರ ಮೇಲೆ ವಿಮಾನ ಇಳಿಯಬೇಕೋ ಬೇಡವೋ ಅಂತ ಹೇಳುವವರು ಯಾರು? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಹಳೆಯ ಏಪ್ರನ್:

ನಾನು ವಿಮಾನ ನಿಲ್ದಾಣಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ತಾಯಿಯವರ ವಿಷಯ ಓದಿ ಬೇಸರವಾಯಿತು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಒಂದು ಕಾಲದಲ್ಲಿ ಯಾವ ಊರಿಗೆ ವಿಮಾನ ಅನ್ನುವುದನ್ನು ಪೂರ್ತಿ ಸರ್ಕಾರವೇ ನಿರ್ಧರಿಸುತ್ತಿತ್ತು. 1953ರಲ್ಲಿ ಖಾಸಗಿ ಸಂಸ್ಥೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್, ಹೊರದೇಶಕ್ಕೆ ಏರ್ ಇಂಡಿಯಾ ಅಂತ ಮಾಡಿದರು. ಆ ಕಾನೂನು 1994ರಲ್ಲಿ ರದ್ದಾಯಿತು. ಅಲ್ಲಿಂದ ಮುಂದೆ ದೇಶದೊಳಗೆ ಎಲ್ಲಿಗೆ ಹಾರಬೇಕು, ಎಷ್ಟು ದರ ಇಡಬೇಕು ಅನ್ನುವುದು ಸಂಸ್ಥೆಗಳಿಗೆ ಬಿಟ್ಟದ್ದು. ಕೋವಿಡ್ ಸಮಯದಲ್ಲಿ, 2020ರ ಮೇಯಿಂದ 2022ರ ಆಗಸ್ಟ್‌ವರೆಗೆ ಸರ್ಕಾರ ದರಕ್ಕೆ ಕೆಳಮಿತಿ, ಮೇಲ್ಮಿತಿ ಎರಡನ್ನೂ ಹಾಕಿತ್ತು.

ಅನುಮತಿಗಳು ಬೇಕಾದಷ್ಟಿವೆ. ಸಂಸ್ಥೆ ಶುರುವಾಗಲು ವಿಮಾನಯಾನ ಸಚಿವಾಲಯದ ಒಪ್ಪಿಗೆ ಬೇಕು. ಸುರಕ್ಷಿತವಾಗಿ ಹಾರಿಸಬಲ್ಲರು ಅಂತ ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯ, ಪ್ರಮಾಣಪತ್ರ ಕೊಡಬೇಕು. ನಿಲ್ದಾಣಕ್ಕೂ ಡಿಜಿಸಿಎ ಲೈಸೆನ್ಸ್ ಬೇರೆ, ಭದ್ರತೆಗೆ ಕೇಂದ್ರದ ವಿಮಾನಯಾನ ಭದ್ರತಾ ಬ್ಯೂರೊ ಬಿಸಿಎಎಸ್ ಒಪ್ಪಿಗೆ ಬೇರೆ. ಇಷ್ಟೆಲ್ಲ ಆದ ಮೇಲೆ ವರ್ಷಕ್ಕೆ ಎರಡು ಸಲ ವೇಳಾಪಟ್ಟಿ ಮಂಜೂರು ಆಗಬೇಕು. ಬೇಸಿಗೆ ಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ, ಚಳಿಗಾಲದ ಪಟ್ಟಿ ಅಕ್ಟೋಬರ್ ಕೊನೆಯ ಭಾನುವಾರದಿಂದ. ನೀವು ಗಮನಿಸಿರಬಹುದು, ಸೇವೆ ಶುರುವಾಗುವ ಸುದ್ದಿ, ನಿಲ್ಲುವ ಸುದ್ದಿ ಎರಡೂ ಹೆಚ್ಚಾಗಿ ಈ ಎರಡು ತಿಂಗಳ ಆಸುಪಾಸಿನಲ್ಲೇ ಬರುತ್ತವೆ.

ಇವೆಲ್ಲ ಹಾರಲು ಬಿಡುವ ಅನುಮತಿಗಳು. ಹಾರಲೇಬೇಕು ಅನ್ನುವ ಆದೇಶ ಇವುಗಳಲ್ಲಿ ಯಾವುದರಲ್ಲೂ ಇಲ್ಲ.

ಬಿಸಿಲನಾಡು:

ಸರ್, ತುಂಬಾ ಧನ್ಯವಾದ. ಹಾಗಾದರೆ ಈಶಾನ್ಯ ರಾಜ್ಯಗಳಿಗೆ, ಅಂಡಮಾನ್‌ಗೆ ಕಡ್ಡಾಯವಾಗಿ ಹಾರಬೇಕು ಅಂತ ನಿಯಮ ಇದೆ ಅನ್ನುತ್ತಾರಲ್ಲ, ಅದು?

ಹಳೆಯ ಏಪ್ರನ್:

ಅದು ಇದೆ. ಒಳ್ಳೆಯ ಪ್ರಶ್ನೆ. 1994ರ ಮಾರ್ಚ್‌ನಲ್ಲೇ ತಂದ ಮಾರ್ಗ ಹಂಚಿಕೆ ನಿಯಮ ಅದು. ಮಾರ್ಗಗಳನ್ನು ವರ್ಗ ಮಾಡಿದ್ದಾರೆ. ಮುಂಬೈ-ದೆಹಲಿ, ದೆಹಲಿ-ಬೆಂಗಳೂರು, ಮುಂಬೈ-ಬೆಂಗಳೂರು ತರಹದ ದೊಡ್ಡ ಮಾರ್ಗಗಳು ಮೊದಲನೇ ವರ್ಗ. ಈಶಾನ್ಯ, ಜಮ್ಮು ಕಾಶ್ಮೀರ, ಅಂಡಮಾನ್, ಲಕ್ಷದ್ವೀಪ ಇಂಥವು ಎರಡನೇ ವರ್ಗ. ಉಳಿದದ್ದೆಲ್ಲ ಮೂರನೇ ವರ್ಗ. ಮೊದಲನೇ ವರ್ಗದಲ್ಲಿ ಎಷ್ಟು ಸೀಟು ಹಾರಿಸುತ್ತೀರೋ ಅದರ 10% ಆದರೂ ಎರಡನೇ ವರ್ಗದಲ್ಲಿ ಹಾರಿಸಬೇಕು. ಮೂರನೇ ವರ್ಗಕ್ಕೆ ಮೊದಲು 50% ಇತ್ತು, 2016ರ ನೀತಿಯಲ್ಲಿ 35% ಮಾಡಿದರು.

ನಿಮ್ಮ ಊರು ಮೂರನೇ ವರ್ಗಕ್ಕೆ ಸೇರುತ್ತದೆ. ಆದರೆ ಬೆಂಗಳೂರು-ಗೋವಾ ಕೂಡ ಅದೇ ವರ್ಗ. ಸಂಸ್ಥೆ ದಿನಕ್ಕೆ ಹತ್ತು ಸಲ ಗೋವಾಕ್ಕೆ ಹಾರಿಸಿದರೂ ಲೆಕ್ಕ ತುಂಬುತ್ತದೆ. ಕಲಬುರಗಿಗೋ ಬಳ್ಳಾರಿಗೋ ಒಂದೂ ಹಾರಿಸಬೇಕಿಲ್ಲ. ಈ ನಿಯಮದಿಂದ ಈಶಾನ್ಯಕ್ಕೆ ನಿಜವಾಗಿ ಉಪಯೋಗವಾಗಿದೆ. ನಮ್ಮಂಥ ಒಳನಾಡಿನ ಊರುಗಳಿಗೆ ಆಗಿಲ್ಲ.

ಹುಬ್ಬಳ್ಳಿ ಟಿಕೆಟ್:

ನಾನು ಹುಬ್ಬಳ್ಳಿಯಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತೇನೆ. ಸರ್ ಹೇಳಿದ್ದು ಸರಿ. ಆ ಕೊರತೆ ತುಂಬಲೆಂದೇ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ ಬಂತು. 2016ರ ಅಕ್ಟೋಬರ್‌ನಲ್ಲಿ ಘೋಷಣೆ, 2017ರ ಏಪ್ರಿಲ್ 27ರಂದು ಶಿಮ್ಲಾ-ದೆಹಲಿ ಮೊದಲ ವಿಮಾನ.

ಅದರ ಲೆಕ್ಕ ಹೀಗಿದೆ ನೋಡ್ರಿ. ಸಂಸ್ಥೆಗಳು ಹರಾಜಿನಲ್ಲಿ ಮಾರ್ಗ ತೆಗೆದುಕೊಳ್ಳುತ್ತವೆ. ಸುಮಾರು ಅರ್ಧ ಸೀಟುಗಳನ್ನು ಮಿತಿ ದರಕ್ಕೆ ಮಾರಬೇಕು. ಶುರುವಿನಲ್ಲಿ ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ ಇತ್ತು. ಅದರಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ಅದರಲ್ಲಿ 20% ರಾಜ್ಯದ ಪಾಲು. ಇಳಿಯುವ ಶುಲ್ಕ, ನಿಲ್ಲಿಸುವ ಶುಲ್ಕ ಇಲ್ಲ. ಪೊಲೀಸ್ ಭದ್ರತೆ, ಅಗ್ನಿಶಾಮಕ ರಾಜ್ಯದ್ದು. ಇಂಧನದ ಮೇಲೆ ರಾಜ್ಯದ ತೆರಿಗೆ 1%ಗೆ ಇಳಿಸಬೇಕು. ಜೊತೆಗೆ ಮೂರು ವರ್ಷ ಆ ಮಾರ್ಗದಲ್ಲಿ ಬೇರೆ ಯಾರೂ ಬರುವಂತಿಲ್ಲ.

ಮೂರು ವರ್ಷ ಮುಗಿದ ದಿನ ಸಹಾಯಧನ ನಿಲ್ಲುತ್ತದೆ. ಅಲ್ಲೇ ತೊಂದರೆ ಶುರು. 70 ಸೀಟಿನ ಎಟಿಆರ್ ಅನ್ನುವ ಸಣ್ಣ ವಿಮಾನದಲ್ಲಿ 45 ಜನ ಕೂತರೆ ಸಹಾಯಧನ ಇದ್ದಾಗ ನಡೆಯುತ್ತದೆ, ಇಲ್ಲದಿದ್ದರೆ ನಡೆಯುವುದಿಲ್ಲ. ವಿಮಾನ ಬಾಡಿಗೆಗೆ ತಂದದ್ದು. ಒಂದು ದಿನ ಸುಮ್ನೆ ನಿಂತರೂ ಬಾಡಿಗೆ ಕಟ್ಟಬೇಕು. ಹಾಗಾಗಿ ಬೇರೆ ರಾಜ್ಯದಲ್ಲಿ ಹೊಸ ಉಡಾನ್ ಮಾರ್ಗ ಸಿಕ್ಕರೆ ವಿಮಾನ ಅಲ್ಲಿಗೆ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಬೆಳಗಿನ ಸ್ಲಾಟ್, ಅಂದರೆ ವಿಮಾನ ಇಳಿಯಲು, ಏರಲು ಗೊತ್ತುಮಾಡಿದ ಹೊತ್ತು, ಸಿಗುವುದು ಬಹಳ ಕಷ್ಟ. 70 ಜನರ ಎಟಿಆರ್‌ಗೂ ಒಂದು ಸ್ಲಾಟ್, 180 ಜನರ ಏರ್‌ಬಸ್‌ಗೂ ಒಂದು ಸ್ಲಾಟ್. ಸಣ್ಣ ಊರಿನ ವಿಮಾನಕ್ಕೆ ಸಿಗುವುದು ಹೆಚ್ಚಾಗಿ ಮಧ್ಯಾಹ್ನದ ಹೊತ್ತು. ಮಧ್ಯಾಹ್ನ ಬೆಂಗಳೂರು ಮುಟ್ಟಿದವನು ಅದೇ ದಿನ ಕೆಲಸ ಮುಗಿಸಿ ಸಂಜೆ ವಾಪಸ್ ಹೋಗಲು ಆಗುವುದಿಲ್ಲ. ವ್ಯಾಪಾರಸ್ಥರು ಆ ವಿಮಾನ ಹತ್ತುವುದಿಲ್ಲ. ಆಮೇಲೆ "ಜನ ಬರುತ್ತಿಲ್ಲ" ಅಂತ ಮಾರ್ಗ ನಿಲ್ಲಿಸುತ್ತಾರೆ.

ಕೆರೆ ಏರಿ:

ಬೆಂಗಳೂರಿನವನಾಗಿ ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈ ಸಹಾಯಧನ ಎಲ್ಲಿಂದ ಬರುತ್ತದೆ? ದೊಡ್ಡ ಮಾರ್ಗಗಳಲ್ಲಿ ಹೊರಡುವ ಪ್ರತಿ ವಿಮಾನದ ಮೇಲೆ ಉಡಾನ್‌ಗಾಗಿ ಸುಂಕ ಇದೆ. ಅದು ಕೊನೆಗೆ ಬಂದು ಕೂರುವುದು ನಮ್ಮ ಟಿಕೆಟ್ ಮೇಲೆಯೇ. ನಾನು ಕೊಡಬಾರದು ಅನ್ನುತ್ತಿಲ್ಲ. ಆದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ನೋಡಿ. ಉಡಾನ್ ಹರಾಜಿನ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರ್ತಿ ಮಾಡಿದ್ದು 112. ಸಹಾಯಧನ ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಹಾರುತ್ತಿದ್ದದ್ದು ಬರೀ 54.

ಅದೇ ಹಣವನ್ನು ರೈಲಿಗೆ ಹಾಕಿದರೆ ಸಾವಿರಾರು ಜನಕ್ಕೆ ಅನುಕೂಲ ಅಲ್ವಾ? ಕಲಬುರಗಿಗೆ 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ಬಂದಿದೆ.

ಬಿಸಿಲನಾಡು:

ಅಣ್ಣಾ, ತಪ್ಪು ತಿಳಿಯುವುದೇನಿಲ್ಲ. ರೈಲು ಬೇಕೇ ಬೇಕು. ವಂದೇ ಭಾರತ್ ಚೆನ್ನಾಗಿದೆ, ನಾನೇ ಅದರಲ್ಲಿ ಓಡಾಡುತ್ತೇನೆ. ಆದರೆ ಅದರಲ್ಲಿ ಒಂಬತ್ತು ಗಂಟೆಯ ಹತ್ತಿರ ಕೂರಬೇಕು. ಮಲಗುವ ಬೋಗಿ ಇಲ್ಲ. ಅವ್ವನಿಗೆ ಆಗುವುದಿಲ್ಲ. ಡಯಾಲಿಸಿಸ್‌ನವರು, ಗರ್ಭಿಣಿಯರು, ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಳ್ಳುವವರು ನಮ್ಮ ಕಡೆಯಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋಗಲೇಬೇಕು. ಅವರು ಸಾವಿರಾರು ಜನ ಇಲ್ಲದಿರಬಹುದು. ಇಲ್ಲದೆ ಇಲ್ಲ.

ಬೀದರ್ ಕೋಟೆ:

ನಮ್ಮ ಬೀದರ್ ಕತೆ ಕೇಳಿ. ಇಲ್ಲಿ ವಾಯುಪಡೆಯ ದೊಡ್ಡ ನೆಲೆ ಇದೆ, ರನ್‌ವೇ ಮೊದಲಿಂದಲೂ ಇದೆ. ನಾಗರಿಕರಿಗೆ ಟರ್ಮಿನಲ್ ಕಟ್ಟಿದರು. ಆದರೆ ವರ್ಷಗಟ್ಟಲೆ ವಿಮಾನ ಬರಲಿಲ್ಲ. ಕಾರಣ ಹೈದರಾಬಾದ್. 2008ರಲ್ಲಿ ಶಂಶಾಬಾದ್ ನಿಲ್ದಾಣ ಕಟ್ಟಿದ ಖಾಸಗಿ ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲಿ 150 ಕಿ.ಮೀ. ಒಳಗೆ ಬೇರೆ ನಿಲ್ದಾಣಕ್ಕೆ ಅವಕಾಶ ಇಲ್ಲ ಅಂತ ಷರತ್ತಿತ್ತು. ನಮ್ಮ ಜಿಲ್ಲೆ ಆ ಸುತ್ತಿನೊಳಗೆ ಬಿತ್ತು. ಬೇರೆ ರಾಜ್ಯದ ನಿಲ್ದಾಣದ ಒಪ್ಪಂದ ನಮ್ಮನ್ನು ಕಟ್ಟಿಹಾಕಿತು. ಕೊನೆಗೆ ಆ ಹೈದರಾಬಾದ್ ಸಂಸ್ಥೆಯೇ ಇಲ್ಲಿನ ಟರ್ಮಿನಲ್ ನೋಡಿಕೊಳ್ಳುವುದು ಅಂತಾಗಿ, 2020ರ ಫೆಬ್ರವರಿ 7ರಂದು ಬೆಂಗಳೂರಿಗೆ ಮೊದಲ ವಿಮಾನ ಹಾರಿತು. ಊರಿಗೆ ಊರೇ ನೋಡಲು ಹೋಗಿತ್ತು.

ಆಮೇಲೆ ನಿಂತಿತು, ಶುರುವಾಯಿತು, ಮತ್ತೆ ನಿಂತಿತು. ರಾಜ್ಯ ಸರ್ಕಾರ ನೆರವು ಕೊಟ್ಟ ಮೇಲೆ 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಶುರುವಾಯಿತು. ಪ್ರತಿ ಸಲವೂ ಮನವಿ, ಪತ್ರ, ಧರಣಿ. ಒಂದು ವಿಮಾನಕ್ಕೆ ಇಷ್ಟು ಅಲೆಯಬೇಕಾ?

ಕೆರೆ ಏರಿ:

ಈ 150 ಕಿ.ಮೀ. ಷರತ್ತು ಬೆಂಗಳೂರಿಗೂ ಇದೆ. 2004ರಲ್ಲಿ ಆದ ಒಪ್ಪಂದ. ನಿಲ್ದಾಣ ಶುರುವಾದದ್ದು 2008ರ ಮೇ 24ರಂದು, ಅಲ್ಲಿಂದ 25 ವರ್ಷ, ಅಂದರೆ 2033ರವರೆಗೆ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಎಚ್‌ಎಎಲ್ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ನಿಂತದ್ದೂ ಇದೇ ಒಪ್ಪಂದದಿಂದ. ಹೊಸೂರಿಗೆ ಉಡಾನ್ ಸಿಗದಿದ್ದದ್ದೂ ಇದರಿಂದಲೇ.

ಆಗ ಖಾಸಗಿಯವರು ಹಣ ಹಾಕಲು ಈ ಭರವಸೆ ಬೇಕಿತ್ತು ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ಬೀದರ್ ವಿಷಯ ಗೊತ್ತಿರಲಿಲ್ಲ. ಅಷ್ಟು ದೂರದ ಜಿಲ್ಲೆಯನ್ನು ಕೇಳದೆ ಬರೆದದ್ದು ಸರಿಯಲ್ಲ.

ಕುಂದಾನಗರಿ:

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಉಡಾನ್ ಕೆಲವರಿಗೆ ಕೊಟ್ಟು ಕೆಲವರಿಂದ ಕಿತ್ತುಕೊಂಡದ್ದನ್ನು ನಾವು ಕಂಡಿದ್ದೇವೆ. 2018ರಲ್ಲಿ ಹುಬ್ಬಳ್ಳಿ ಉಡಾನ್‌ಗೆ ಸೇರಿತು, ನಾವು ಸೇರಲಿಲ್ಲ. ನಮ್ಮ ಸಾಂಬ್ರಾ ನಿಲ್ದಾಣದಲ್ಲಿ ಸಹಾಯಧನವಿಲ್ಲದೆ ಚೆನ್ನಾಗಿ ತುಂಬಿ ಹಾರುತ್ತಿದ್ದ ವಿಮಾನಗಳು ಆ ವರ್ಷದ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಹೋದವು. ನಡುವೆ ನೂರು ಕಿ.ಮೀ. ದೂರವೂ ಇಲ್ಲ. ಜನ ಬೀದಿಗಿಳಿದರು. 2019ರಲ್ಲಿ ಮೂರನೇ ಸುತ್ತಿನಲ್ಲಿ ನಮಗೂ ಉಡಾನ್ ಸಿಕ್ಕಿತು. ಹತ್ತಕ್ಕೂ ಹೆಚ್ಚು ಊರುಗಳಿಗೆ ವಿಮಾನ ಬಂತು. ಅವಧಿ ಮುಗಿಯುತ್ತಾ ಬಂದಂತೆ ಒಂದೊಂದೇ ನಿಂತವು.

ಹುಬ್ಬಳ್ಳಿಯವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಸಹಾಯಧನವಿಲ್ಲದೆ ನಡೆಯುತ್ತಿದ್ದ ಮಾರ್ಗವನ್ನು ಸಹಾಯಧನವೇ ಕೊಂದರೆ ಅದು ನಿಯಮದ ತಪ್ಪು. ಪಕ್ಕದ ಊರಿನ ಮೇಲೆ ಏನು ಪರಿಣಾಮ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಹುಬ್ಬಳ್ಳಿ ಟಿಕೆಟ್:

ಕುಂದಾನಗರಿ ಅವರೇ, ಇದನ್ನು ನಾನು ಒಪ್ಪುತ್ತೇನೆ. ಆ ವರ್ಷ ನನ್ನ ವ್ಯಾಪಾರ ಏರಿತು. ಬೆಳಗಾವಿಯ ನನ್ನ ಸ್ನೇಹಿತನ ಏಜೆನ್ಸಿಗೆ ಬಹಳ ಪೆಟ್ಟು ಬಿತ್ತು. ಈಗ ನಮ್ಮ ಸರದಿ, ನಮ್ಮಲ್ಲೂ ಮಾರ್ಗಗಳು ಕಡಿಮೆಯಾಗಿವೆ.

ಮಲೆನಾಡ ಮಳೆ:

ಶಿವಮೊಗ್ಗದ್ದು ಬೇರೆ ತರಹ. ನಮ್ಮಲ್ಲಿ 3,200 ಮೀಟರ್ ರನ್‌ವೇ ಇದೆ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದ. ಮೈಸೂರಿನದು ಹೆಚ್ಚುಕಡಿಮೆ 1,740 ಮೀಟರ್, ಅಲ್ಲಿ ಎಟಿಆರ್ ಬಿಟ್ಟು ದೊಡ್ಡದು ಇಳಿಯಲಾಗದು. ನಮ್ಮಲ್ಲಿ ದೊಡ್ಡ ವಿಮಾನ ಇಳಿಯಬಹುದು, ಆದರೆ ಹೆಚ್ಚಾಗಿ ಬರುವುದು ಎಟಿಆರ್‌ನಂಥ ಸಣ್ಣವು. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯಿತು. ಮೊದಲ ಪ್ರಯಾಣಿಕರ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ಶುರುವಾದಾಗ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲ. ಆಗುಂಬೆ ಕಡೆಯ ಮೋಡ ಕೆಳಗಿಳಿದರೆ ವಿಮಾನ ಸುತ್ತು ಹಾಕಿ ವಾಪಸ್.

ಇದನ್ನು ನಡೆಸುವುದು ರಾಜ್ಯ ಸರ್ಕಾರ, ಕೇಂದ್ರದ ಪ್ರಾಧಿಕಾರ ಅಲ್ಲ. ಹಾಗಾಗಿ ಡಿಜಿಸಿಎ ಲೈಸೆನ್ಸ್ ನವೀಕರಣ, ಕಾಂಪೌಂಡ್ ರಸ್ತೆ, ಉಪಕರಣ ಎಲ್ಲ ರಾಜ್ಯದ ಹೊಣೆ. ಡಿಜಿಸಿಎ ಕೊರತೆ ಎತ್ತಿ ತೋರಿಸಿದಾಗ ಇಲ್ಲಿ ಕೆಲವರು ಕೇಂದ್ರವನ್ನು ಬೈದರು. ನನಗೆ ಅದು ಸರಿ ಕಾಣಲಿಲ್ಲ. ಸುರಕ್ಷತೆಯ ವಿಷಯದಲ್ಲಿ ಡಿಜಿಸಿಎ ಬಿಗಿಯಾಗಿರಲಿ. ಅದರಲ್ಲಿ ರಿಯಾಯಿತಿ ಕೇಳಬಾರದು. ಮಂಗಳೂರಿನ 2010ರ ಮೇ 22ರ ವಿಮಾನ ದುರಂತ ನಮಗೆಲ್ಲ ನೆನಪಿದೆ.

ಬಜಪೆ ಬದಿ:

ನೆನಪಿದೆ. ನಮ್ಮ ಬೀದಿಯಲ್ಲೇ ಎರಡು ಮನೆಯವರು ಹೋದರು. ಸುರಕ್ಷತೆಯ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಮಂಗಳೂರಿನ ತೊಂದರೆ ದೇಶದೊಳಗಿನ ಮಾರ್ಗದ್ದಲ್ಲ, ಗಲ್ಫ್‌ನದ್ದು. ನಾನು ದುಬೈಯಲ್ಲಿ ಹದಿನೆಂಟು ವರ್ಷ ಇದ್ದೆ. ಮಂಗಳೂರಿನಿಂದ ಗಲ್ಫ್‌ಗೆ ಭಾರತದ ಸಂಸ್ಥೆಗಳ ವಿಮಾನ ಮಾತ್ರ ಇವೆ. ದುಬೈನ ದೊಡ್ಡ ಸಂಸ್ಥೆ ಕೊಚ್ಚಿಗೆ, ತಿರುವನಂತಪುರಕ್ಕೆ ಬರುತ್ತದೆ, ನಮ್ಮ ಬಜಪೆ ನಿಲ್ದಾಣಕ್ಕೆ ಬರುವಂತಿಲ್ಲ. ಎರಡು ದೇಶಗಳ ಒಪ್ಪಂದದಲ್ಲಿ ಯಾವ ಊರು, ವಾರಕ್ಕೆ ಎಷ್ಟು ಸೀಟು ಅಂತ ಬರೆದಿರುತ್ತದೆ. ಆ ಪಟ್ಟಿಯಲ್ಲಿ ನಮ್ಮ ಊರು ಇಲ್ಲ. ಕಣ್ಣೂರಿನವರೂ ಇದನ್ನೇ ಕೇಳಿ ಕೇಳಿ ಸೋತಿದ್ದಾರೆ. ಈದ್, ಶಾಲೆ ರಜೆ ಬಂತೆಂದರೆ ಟಿಕೆಟ್ ದರ ಮುಟ್ಟಲು ಆಗುವುದಿಲ್ಲ. ತಂದೆ ತೀರಿಕೊಂಡಾಗ ನಾನು ಕೊಚ್ಚಿಗೆ ಇಳಿದು ಟ್ಯಾಕ್ಸಿ ಹಿಡಿದು ಬಂದೆ. ಮಣ್ಣಿಗೆ ತಲುಪಲಿಲ್ಲ.

ಹಳೆಯ ಏಪ್ರನ್:

ಕೇಳಿ ಮನಸ್ಸು ಭಾರವಾಯಿತು.

ಇದು 1944ರ ಷಿಕಾಗೋ ಒಪ್ಪಂದದಿಂದ ಬಂದ ಪದ್ಧತಿ. ಪ್ರತಿ ದೇಶಕ್ಕೆ ತನ್ನ ಆಕಾಶದ ಮೇಲೆ ಪೂರ್ತಿ ಹಕ್ಕು. ಹಾಗಾಗಿ ಎರಡೆರಡು ದೇಶಗಳು ಕೂತು ಹಂಚಿಕೊಳ್ಳುತ್ತವೆ. ದುಬೈ ಜೊತೆ 2014ರಲ್ಲಿ ಕೊನೆಯದಾಗಿ ಏರಿಸಿದ್ದು, ಎರಡೂ ಕಡೆಗೆ ವಾರಕ್ಕೆ 65 ಸಾವಿರಕ್ಕೂ ಹೆಚ್ಚು ಸೀಟು. ಅದು ತುಂಬಿ ಹೋಗಿದೆ. 2016ರ ನೀತಿಯಲ್ಲಿ ದೆಹಲಿಯಿಂದ 5,000 ಕಿ.ಮೀ. ಆಚೆಗಿನ ದೇಶಗಳಿಗೆ ಪರಸ್ಪರ ಮಿತಿಯಿಲ್ಲದ ಅವಕಾಶ ಅಂದರು. ಗಲ್ಫ್ ಅದಕ್ಕಿಂತ ಹತ್ತಿರ, ಹಾಗಾಗಿ ಮಿತಿ ಉಳಿಯಿತು.

ಸರ್ಕಾರದ ವಾದವನ್ನೂ ಹೇಳಬೇಕು. ಬಾಗಿಲು ತೆರೆದರೆ ಯುರೋಪ್, ಅಮೆರಿಕಕ್ಕೆ ಹೋಗುವ ನಮ್ಮ ಪ್ರಯಾಣಿಕರೆಲ್ಲ ದುಬೈ, ದೋಹಾ ಮೂಲಕ ಹೋಗುತ್ತಾರೆ, ನಮ್ಮ ಸಂಸ್ಥೆಗಳು ದೂರದ ಹಾರಾಟ ಕಟ್ಟಲು ಆಗುವುದಿಲ್ಲ ಅಂತ. ಅದರಲ್ಲಿ ಹುರುಳಿದೆ. ಆದರೆ ಮಂಗಳೂರಿನ ಕೂಲಿಕಾರ ನ್ಯೂಯಾರ್ಕಿಗೆ ಹೋಗುತ್ತಿಲ್ಲ. ಅವನು ಮನೆಗೆ ಬರುತ್ತಿದ್ದಾನೆ. ಅವನಿಗಾಗಿ ಬೇರೆ ಲೆಕ್ಕ ಮಾಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಉತ್ತರ ದಿಕ್ಕು:

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಧಾರವಾಡದವಳು, ಈಗ ನಾರ್ವೆಯ ಉತ್ತರದಲ್ಲಿದ್ದೇನೆ. ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ಒಂದೆರಡು ಸಾವಿರ ಜನ ಇರುವ ಊರಿಗೂ ವಿಮಾನ ಇದೆ. ರನ್‌ವೇ ಬರೀ 800 ಮೀಟರ್ ಆಸುಪಾಸು. ನಮ್ಮ ಟ್ರೊಮ್ಸೊ ಆಸ್ಪತ್ರೆಗೆ ದೂರದ ವಾಡ್ಸೊ, ಹಮ್ಮರ್‌ಫೆಸ್ಟ್ ಕಡೆಯಿಂದ ರೋಗಿಗಳು ವಿಮಾನದಲ್ಲೇ ಬರುತ್ತಾರೆ. ನಿಮ್ಮ ಅವ್ವನ ವಿಷಯ ಓದಿದಾಗ ಅವರೇ ಕಣ್ಣ ಮುಂದೆ ಬಂದರು.

ಇಲ್ಲಿನ ಪದ್ಧತಿ ಹೀಗಿದೆ. ಯಾವ ಮಾರ್ಗ ವ್ಯಾಪಾರದಿಂದ ನಡೆಯುವುದಿಲ್ಲವೋ ಅದಕ್ಕೆ ಸರ್ಕಾರವೇ ಟೆಂಡರ್ ಕರೆಯುತ್ತದೆ. ದಿನಕ್ಕೆ ಎಷ್ಟು ಸಲ, ಎಷ್ಟು ಸೀಟು, ದರ ಎಷ್ಟು ಮೀರಬಾರದು ಅಂತ ಮೊದಲೇ ಬರೆದಿರುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವಂತಿರಬೇಕು ಅನ್ನುವಂಥ ಷರತ್ತೂ ಇರುತ್ತದೆ. ಕಡಿಮೆ ಸಹಾಯಧನ ಕೇಳಿದವರಿಗೆ ಮಾರ್ಗ ಸಿಗುತ್ತದೆ. ಅವಧಿ ಮುಗಿಯುವ ಮೊದಲೇ ಮುಂದಿನ ಟೆಂಡರ್ ಆಗಿರುತ್ತದೆ. ಹೆಚ್ಚಿನ ಯುರೋಪ್ ದೇಶಗಳಲ್ಲಿ ಇದೇ ನಿಯಮ.

ಉಡಾನ್ ಕೂಡ ಟೆಂಡರೇ. ಆದರೆ ಅದರ ಲೆಕ್ಕಾಚಾರ ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ ಅನ್ನುವುದು. ಕೆಲವು ಹಾಗೆ ನಿಲ್ಲುತ್ತವೆ. ಕೆಲವು ಯಾವತ್ತೂ ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ, ಆದರೂ ಜನರಿಗೆ ಬೇಕು. ಈ ಎರಡನ್ನು ಬೇರೆ ಬೇರೆಯಾಗಿ ನೋಡಬೇಕು ಅಲ್ವಾ?

ಹಳೆಯ ಏಪ್ರನ್:

ಮೇಡಂ ಹೇಳಿದ್ದು ನಾನು ಇಷ್ಟು ದಿನ ಹೇಳಲು ತಡಕಾಡುತ್ತಿದ್ದ ಮಾತು. ಅಮೆರಿಕದಲ್ಲಿ 1978ರಲ್ಲಿ ಮಾರ್ಗಗಳ ನಿಯಂತ್ರಣ ತೆಗೆದಾಗಲೇ ಸಣ್ಣ ಊರುಗಳಿಗೆ ಇಂಥ ಸಹಾಯಧನ ಇಟ್ಟರು, ಅದು ಇಂದಿಗೂ ಇದೆ. 2025ರ ಬಜೆಟ್‌ನಲ್ಲಿ ಉಡಾನ್ ಬದಲಿಸಿ ಹತ್ತು ವರ್ಷದಲ್ಲಿ 120 ಹೊಸ ಊರು ಸೇರಿಸುವುದಾಗಿ ಹೇಳಿದ್ದಾರೆ. ಹೊಸ ಊರು ಸೇರಲಿ. ಹಳೆಯ ಊರಿನ ವಿಮಾನ ಉಳಿಯುವುದನ್ನೂ ಅದರಲ್ಲೇ ಬರೆಯಬೇಕು.

ಕೆರೆ ಏರಿ:

ಹೀಗಾದರೆ ನನ್ನ ಟಿಕೆಟ್‌ನಿಂದ ಹೋಗುವ ಹಣಕ್ಕೆ ನನ್ನ ತಕರಾರಿಲ್ಲ. ಯಾವ ಊರಿಗೆ, ಯಾಕೆ, ಎಷ್ಟು ಅಂತ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ ಸಾಕು.

ಬಿಸಿಲನಾಡು:

ಎಲ್ಲರಿಗೂ ಕೈಮುಗಿಯುತ್ತೇನೆ. ನಮ್ಮ ಸಂಸದರಿಗೆ ಒಂದು ಪತ್ರ ಬರೆಯುತ್ತಿದ್ದೇನೆ. ಸಂಸತ್ತಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ ಅಂತ. ಒಂದು, ಉಡಾನ್ ಅವಧಿ ಮುಗಿಯುವ ಆರು ತಿಂಗಳ ಮೊದಲೇ ಆ ಮಾರ್ಗಕ್ಕೆ ಮತ್ತೆ ಟೆಂಡರ್ ಕರೆಯಲು ಯಾಕಾಗದು? ಎರಡು, ಮೂರನೇ ವರ್ಗದ 35%ರಲ್ಲಿ ಒಂದು ಪಾಲನ್ನು ದಿನಕ್ಕೆ ಒಂದೆರಡೇ ವಿಮಾನ ಇರುವ ಊರುಗಳಿಗೆ ಮೀಸಲಿಡಬಹುದಾ? ಮೂರು, ಸೇವೆ ನಿಲ್ಲಿಸುವುದಾದರೆ ಕನಿಷ್ಠ 60 ದಿನ ಮೊದಲು ಜನರಿಗೆ ತಿಳಿಸುವುದನ್ನು ಕಡ್ಡಾಯ ಮಾಡುತ್ತೀರಾ? ಏನಾದರೂ ಬಿಟ್ಟಿದ್ದರೆ ಹೇಳಿ.

ಹುಬ್ಬಳ್ಳಿ ಟಿಕೆಟ್:

ಬೆಂಗಳೂರಿನ ಬೆಳಗಿನ ಸ್ಲಾಟ್ ಸೇರಿಸಿ. ಅದಿಲ್ಲದೆ ಉಳಿದದ್ದು ಬಂದರೂ ಸೀಟು ತುಂಬುವುದಿಲ್ಲ. ಅವ್ವನ ಮುಂದಿನ ತಾರೀಖು ಯಾವಾಗ? ಅಷ್ಟರಲ್ಲಿ ವಿಮಾನ ಬರದಿದ್ದರೆ ಹೈದರಾಬಾದಿನವರೆಗೆ ಕಾರಿನಲ್ಲಿ ಹಿಂದಿನ ಸೀಟು ಮಲಗುವ ಹಾಗೆ ಮಾಡಿಸಿ, ಅಲ್ಲಿಂದ ವಿಮಾನ ಹಿಡಿಯಿರಿ. ನಿಲ್ದಾಣದಲ್ಲಿ ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಬೇಕು. ನನಗೆ ತಿಳಿಸಿ, ನಾನು ಮಾಡಿಸಿಕೊಡುತ್ತೇನೆ.

ಕುಂದಾನಗರಿ:

ಪಕ್ಕದ ಊರಿನ ಮೇಲಾಗುವ ಪರಿಣಾಮ ನೋಡಿ ಮಾರ್ಗ ಹಂಚಬೇಕು ಅನ್ನುವುದನ್ನೂ ಬರೆಯಿರಿ. ಪತ್ರ ಪೂರ್ತಿಯಾದ ಮೇಲೆ ಇಲ್ಲಿ ಹಾಕಿ. ನಮ್ಮ ವ್ಯಾಪಾರಸ್ಥರ ಸಹಿ ಹಾಕಿಸಿ ನಮ್ಮ ಸಂಸದರಿಗೂ ಇದನ್ನೇ ಕೊಡುತ್ತೇನೆ.

ಬಿಸಿಲನಾಡು:

ತಾರೀಖು ಮುಂದಿನ ತಿಂಗಳ 14. ಪತ್ರವನ್ನು ಭಾನುವಾರದೊಳಗೆ ಹಾಕುತ್ತೇನೆ.